ಗೇಣುದ್ದದ ಟ್ರೈಪಾಡ್‌ಗೆ ಬಂಡೆಯೇ ಕಾಲು

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ಚಿತ್ರದುರ್ಗದ ಕೋಟೆ, ಚಂದ್ರವಳ್ಳಿ, ಜೋಗಿಮಟ್ಟಿ, ಅತ್ತ ಸೂಳೆಕೆರೆ, ಸಂತೆಬೆನ್ನೂರು ಎಂದು ಹೊರಡುವವರ ಚೀಲದಲ್ಲಿ ಈಗ ನೀರಿನ ಬಾಟಲಿಯ ಪಕ್ಕ ಕ್ಯಾಮೆರಾ ನಿಲ್ಲಿಸುವ ಒಂದು ಪುಟ್ಟ ಟ್ರೈಪಾಡ್ (ಮುಕ್ಕಾಲಿ) ಕಾಣುತ್ತದೆ. ಗೇಣುದ್ದ ಇರುತ್ತದೆ, ಇನ್ನೂರು ಗ್ರಾಂ ತೂಗುತ್ತದೆ. ಕೊಂಡವರಲ್ಲಿ ಬಹಳ ಮಂದಿ ಎರಡು ಸಲ ಬಳಸಿ, ಚಿತ್ರ ಅಲುಗಿತೆಂದು ಅದನ್ನು ಅಟ್ಟಕ್ಕೆ ಹಾಕುತ್ತಾರೆ. ಐದಡಿ ಟ್ರೈಪಾಡ್ ಮಾಡುವ ಕೆಲಸವನ್ನು ಅದರಿಂದ ಬಯಸಿದರೆ ಆಗುವುದೇ ಹೀಗೆ. ಈ ಮುಕ್ಕಾಲಿಗೆ ಸ್ವಂತ ಎತ್ತರವಿಲ್ಲ. ಎತ್ತರವನ್ನು ಬಂಡೆಯಿಂದಲೋ ಜಗಲಿಯಿಂದಲೋ ಕೆರೆ ಏರಿಯ ಕಲ್ಲಿನಿಂದಲೋ ಕಡ ತರಬೇಕು. ಮಳೆಗೆ ಬರವಿದ್ದರೂ ಬಂಡೆಗೆ ಬರವಿಲ್ಲದ ಸೀಮೆ ನಮ್ಮದು. ಇಲ್ಲಿ ತಿರುಗಾಡುವವರಿಗೆ ಇದು ಹೇಳಿ ಮಾಡಿಸಿದಂಥ ಸಾಮಾನು. ಬಳಸುವ ಕ್ರಮ ಮಾತ್ರ ಗೊತ್ತಿರಬೇಕು.

ಮೊದಲು ಕೊಳ್ಳುವ ಮಾತು. ಪೆಟ್ಟಿಗೆಯ ಮೇಲೆ ‘1 ಕೆಜಿ ಹೊರುತ್ತದೆ’ ಎಂದು ಬರೆದಿದ್ದರೆ, ಭಾರ ನೆಟ್ಟಗೆ ತಲೆಯ ಮೇಲೆ ಕೂತಾಗ ಹೊರುತ್ತದೆ ಎಂದಷ್ಟೇ ತಿಳಿಯಬೇಕು. ಕ್ಯಾನನ್ 1500ಡಿ ಕ್ಯಾಮೆರಾ ಬ್ಯಾಟರಿ ಸಮೇತ 475 ಗ್ರಾಂ, ಅದರ ಜೊತೆ ಬರುವ 18-55 ಲೆನ್ಸ್ ಸುಮಾರು 200 ಗ್ರಾಂ. ಒಟ್ಟು 700 ಗ್ರಾಂ ಒಳಗೇ ಆಯಿತು, ಲೆಕ್ಕ ಸರಿಹೋಯಿತು ಅನ್ನಿಸುತ್ತದೆ. ಅದೇ ಕ್ಯಾಮೆರಾಗೆ ದೂರದ್ದನ್ನು ಹತ್ತಿರ ತೋರಿಸುವ 70-300 ಲೆನ್ಸ್ ಹಾಕಿ ನೋಡಿ. ಹೆಚ್ಚಿದ ತೂಕಕ್ಕಿಂತ ಮುಂದೆ ಚಾಚಿಕೊಂಡ ಉದ್ದವೇ ಹೆಚ್ಚು ಕಾಟ ಕೊಡುತ್ತದೆ. ತಕ್ಕಡಿ ಕೋಲಿನ ತುದಿಗೆ ಬಟ್ಟು ತೂಗುಹಾಕಿದಂತೆ ಅದು ಬಾಲ್ ಹೆಡ್ಡಿನ (ಕ್ಯಾಮೆರಾ ಕೂರುವ, ಎತ್ತ ಬೇಕಾದರೂ ತಿರುಗುವ ಟ್ರೈಪಾಡಿನ ತಲೆ) ಗುಂಡನ್ನು ತಿರುಗಿಸುತ್ತದೆ. ಬಿಗಿ ಮಾಡಿ ಕೈ ಬಿಟ್ಟರೂ ಲೆನ್ಸಿನ ಮೂಗು ಕೂದಲೆಳೆಯಷ್ಟು ಕೆಳಗಿಳಿಯುತ್ತಲೇ ಇರುತ್ತದೆ. ಹಾಗಾಗಿ ನಮ್ಮ ಸಾಮಾನಿನ ತೂಕಕ್ಕೆ ಎರಡರಷ್ಟು ಹೊರುವುದನ್ನೇ ಕೊಳ್ಳಬೇಕು. ಕಾಲಿನ ಅಂದಕ್ಕಿಂತ ತಲೆಯ ಬಿಗಿ ಮುಖ್ಯ.

ಅದನ್ನು ಅಂಗಡಿಯಲ್ಲೇ ಪರೀಕ್ಷಿಸಬಹುದು. ಕ್ಯಾಮೆರಾ ಕೂರಿಸಿ, ಮೂಗು ಅರ್ಧ ಬಗ್ಗಿಸಿ ಗುಂಡಿ ಬಿಗಿಯಿರಿ. ಪರದೆಯ ನಡುವಿನ ಫೋಕಸ್ ಚುಕ್ಕೆಯನ್ನು ಎದುರಿನ ಕಪಾಟಿನ ಒಂದು ಮೂಲೆಗೆ ಸರಿಹೊಂದಿಸಿ, ಕೆಳಗೆ ಅಂಗೈ ಒಡ್ಡಿ ಒಂದು ನಿಮಿಷ ಕಾಯಿರಿ. ಚುಕ್ಕೆ ಮೂಲೆಯಿಂದ ಜಾರಿದ್ದರೆ ವಾಪಸ್ ಕೊಡಿ. ಆನ್‌ಲೈನ್‌ನಲ್ಲಿ ತರಿಸಿದವರು ಮನೆಯಲ್ಲಿ, ಹಿಂದಿರುಗಿಸುವ ಗಡುವು ಮುಗಿಯುವ ಮುಂಚೆ, ಇದೇ ಪರೀಕ್ಷೆ ಮಾಡಿಕೊಳ್ಳಲಿ. ಎಳೆದು ಉದ್ದ ಮಾಡುವ ಕಾಲುಗಳ ಒಳಗಿನ ತುಂಡು ಪೆನ್ಸಿಲ್‌ಗಿಂತ ತೆಳ್ಳಗಿದ್ದರೆ ಅದನ್ನು ಎಳೆಯದೆ ಬಳಸುವುದೇ ಲೇಸು. ಸ್ಕ್ರೂ ವಿಚಾರದಲ್ಲಿ ಚಿಂತೆ ಬೇಡ: ಸಾಮಾನ್ಯ ಕ್ಯಾಮೆರಾ, ಮೊಬೈಲ್ ಕ್ಲಾಂಪ್ ಎಲ್ಲಕ್ಕೂ ಕಾಲು ಇಂಚಿನದೇ. ಓರೆಯಾಗಿ ಹತ್ತಿಸಿದರೆ ಮಾತ್ರ ಸ್ಕ್ರೂವಿನ ಮರೆ (ಸುತ್ತುಗೆರೆ) ಕೆಡುತ್ತದೆ. ಮೊದಲ ಎರಡು ಸುತ್ತು ಬೆರಳಲ್ಲೇ ಸಲೀಸಾಗಿ ಹೋಗಬೇಕು.

ಕೂರಿಸುವಾಗ ಒಂದು ಕಾಲು ಲೆನ್ಸಿನ ಕೆಳಗೇ ಮುಂದಕ್ಕೆ ಇರಲಿ. ಎರಡು ಕಾಲು ಮುಂದೆ ಇಟ್ಟು ಲೆನ್ಸನ್ನು ಅವುಗಳ ನಡುವಿನ ಖಾಲಿ ಜಾಗಕ್ಕೆ ಚಾಚಿದರೆ ಸಣ್ಣ ಗಾಳಿಗೂ ಮುಗ್ಗರಿಸುತ್ತದೆ. ಕ್ಯಾಮೆರಾವನ್ನು ನಿಲುವಿಗೆ ತಿರುಗಿಸಬೇಕಾದರೆ ಬಾಲ್ ಹೆಡ್ಡಿನ ಪಕ್ಕದಲ್ಲಿರುವ ಕಚ್ಚನ್ನು ಒಂದು ಕಾಲಿನ ನೇರಕ್ಕೆ ತಂದುಕೊಂಡು ಆಮೇಲೆ ಬಾಗಿಸಬೇಕು. ಆಕಾಶದ ಕಡೆ ಮುಖ ಮಾಡಿದಾಗ ಭಾರ ಹಿಂದಕ್ಕೆ ಬೀಳುತ್ತದೆ, ಆಗ ಒಂದು ಕಾಲು ಹಿಂದಕ್ಕೆ. ತಲೆಗುಂಡಿ ಬಿಗಿಯುವಾಗ ಚೌಕಟ್ಟು ಒಂದಿಷ್ಟು ಕೆಳಗೆ ಸರಿಯುವುದು ಸಹಜ, ಆದ್ದರಿಂದ ಬೇಕಾದ್ದಕ್ಕಿಂತ ತುಸು ಮೇಲೆ ಹಿಡಿದು ಬಿಗಿಯಿರಿ. ಬಂಡೆಯ ಮೇಲಿನ ಮಣ್ಣುಪುಡಿಯನ್ನು ಅಂಗೈಯಿಂದ ಒರೆಸದಿದ್ದರೆ ರಬ್ಬರ್ ಪಾದ ಹಿಡಿಯುವುದಿಲ್ಲ. ಸಂದಿಗೆ ಕೈ ಹಾಕುವ ಮೊದಲು ಒಮ್ಮೆ ನೋಡಿ, ಚೇಳಿಗೂ ನೆರಳು ಬೇಕಲ್ಲ.

ಇಷ್ಟೆಲ್ಲ ಮಾಡಿಯೂ ಚಿತ್ರ ಮಸುಕಾಗುತ್ತದೆ ಎನ್ನುವವರ ತಪ್ಪು ಸಾಮಾನ್ಯವಾಗಿ ಶಟರ್ ವೇಗದಲ್ಲಿ, ಅಂದರೆ ಬೆಳಕಿಗೆ ಕ್ಯಾಮೆರಾ ತೆರೆದಿರುವ ಹೊತ್ತಿನಲ್ಲಿ, ಇರುತ್ತದೆ. ಬೆರಳಿನಿಂದ ಗುಂಡಿ ಒತ್ತಿದರೆ ಆ ಒತ್ತಡಕ್ಕೇ ಪುಟ್ಟ ಟ್ರೈಪಾಡ್ ನಡುಗುತ್ತದೆ, ಅದಕ್ಕೆ ಸೆಲ್ಫ್ ಟೈಮರ್ ಇದೆ. 2 ಸೆಕೆಂಡ್ ಸಾಲದಿದ್ದರೆ 10 ಇಡಿ. ಡಿಎಸ್ಎಲ್ಆರ್ ಒಳಗಿನ ಕನ್ನಡಿ ಮೇಲೇಳುವಾಗಲೂ ಒಂದು ಪೆಟ್ಟು ಬೀಳುತ್ತದೆ. ಲೈವ್ ವ್ಯೂನಲ್ಲಿ (ಹಿಂದಿನ ಪರದೆ ನೋಡಿ ತೆಗೆಯುವಾಗ) ಕನ್ನಡಿ ಮೊದಲೇ ಎದ್ದಿರುವುದರಿಂದ ಆ ಪೆಟ್ಟು ತಪ್ಪುತ್ತದೆ. ಈ ನಡುಕ ಕಣ್ಣಿಗೆ ರಾಚುವುದು ಸುಮಾರು 1/30ರಿಂದ 1/2 ಸೆಕೆಂಡ್ ವರೆಗಿನ ವೇಗಗಳಲ್ಲಿ. ಅದಕ್ಕಿಂತ ಬೇಗ ಶಟರ್ ಮುಚ್ಚಿದರೆ ನಡುಕ ದಾಖಲಾಗಲು ಸಮಯವಿಲ್ಲ. 4 ಅಥವಾ 8 ಸೆಕೆಂಡ್ ತೆರೆದಿಟ್ಟರೆ ಶುರುವಿನ ಕ್ಷಣದ ನಡುಕ ಉಳಿದ ನಿಶ್ಚಲ ಬೆಳಕಿನಲ್ಲಿ ಮುಳುಗಿ ಹೋಗುತ್ತದೆ. ಹೀಗಾಗಿ ಕ್ಯಾಮೆರಾದ ಬೆಳಕಿನ ಮೀಟರ್ 1/8 ಸೆಕೆಂಡ್ ತೋರಿಸಿದರೆ ಅಲ್ಲೇ ನಿಲ್ಲಬೇಡಿ. ಐಎಸ್ಒ (ಬೆಳಕಿಗೆ ಸೆನ್ಸರಿನ ಚುರುಕು) 100ಕ್ಕೆ ಇಳಿಸಿ, ಅಪರ್ಚರ್ (ಲೆನ್ಸಿನ ಬೆಳಕಿಂಡಿ) ಎಫ್/11ಕ್ಕೆ ಮುಚ್ಚಿ, ವೇಗವನ್ನು ಸೆಕೆಂಡುಗಳ ಲೆಕ್ಕಕ್ಕೆ ತನ್ನಿ. ಜನ ಓಡಾಡುವ ಕಡೆ ಇದರಿಂದ ಇನ್ನೊಂದು ಲಾಭ: ನಡೆಯುವವರು ಚಿತ್ರದಲ್ಲಿ ಹೊಗೆಯಂತೆ ಕರಗುತ್ತಾರೆ. ಲೆನ್ಸಿನ ಸ್ಟೆಬಿಲೈಸರ್ (ಕೈನಡುಕ ತಡೆಯುವ ಸಾಧನ) ಆಫ್ ಮಾಡಿರಬೇಕು, ಇಲ್ಲವಾದರೆ ಇಲ್ಲದ ನಡುಕವನ್ನು ಹುಡುಕಿ ಅದೇ ಅಲುಗುತ್ತದೆ. ಕೆಲವು ಹೊಸ ಲೆನ್ಸುಗಳು ಟ್ರೈಪಾಡನ್ನು ತಾವೇ ಗುರುತಿಸುತ್ತವೆ. ನಿಮ್ಮದು ಯಾವ ಬಗೆಯೆಂದು ತಿಳಿಯದಿದ್ದರೆ ಆಫ್ ಮಾಡುವುದೇ ಕ್ಷೇಮ.

ಚಿತ್ರದುರ್ಗದ ಸುತ್ತಿನ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಸುಮ್ಮನೆ ನಿಂತಿಲ್ಲ. ಇಲ್ಲಿನ ಗಾಳಿಗೆ ಕ್ಯಾಮೆರಾ ಬೆಲ್ಟೇ ಪಟವಾಗುತ್ತದೆ. ಅದನ್ನು ಬಿಚ್ಚಿಡಿ, ಇಲ್ಲವೇ ಕ್ಯಾಮೆರಾದ ಕೆಳಗೆ ಮಡಚಿ ಒತ್ತರಿಸಿ. ಲೆನ್ಸ್ ಹುಡ್ ತೆಗೆದಿಡಿ. ಬಂಡೆಯ ನೆತ್ತಿ ಬಿಟ್ಟು ಅದರ ಮಗ್ಗುಲಿಗೆ ಇಳಿದು, ಗಾಳಿಗೆ ಬೆನ್ನು ಕೊಟ್ಟು ಕೂತರೆ ನಿಮ್ಮ ಮೈಯೇ ತಡೆಗೋಡೆ.

ಬಳುಕುವ ಕಾಲಿನ ಗೊರಿಲ್ಲಾಪಾಡ್ ಮಾದರಿಯವು ಕೊಂಬೆಗೂ ಕಂಬಿಗೂ ಸುತ್ತಿಕೊಳ್ಳುತ್ತವೆ ನಿಜ. ಆದರೆ ಪ್ರತಿ ಕಾಲೂ ಒಂದೂವರೆ ಸುತ್ತಾದರೂ ಬರಬೇಕು, ಸುತ್ತಿದ ಮೇಲೆ ಅರ್ಧ ನಿಮಿಷ ಬಿಟ್ಟು ಚೌಕಟ್ಟು ಮತ್ತೆ ನೋಡಬೇಕು. ವರ್ಷಗಟ್ಟಲೆ ಬಳಸಿದವುಗಳ ಗೆಣ್ಣು ಸಡಿಲಾಗಿರುತ್ತದೆ, ಅಂಥವಕ್ಕೆ ಮೊಬೈಲ್ ಮಾತ್ರ ಸಾಕು. ಲಾರಿ ಓಡಾಡುವ ಸೇತುವೆಯ ಕಂಬಿಗೆ ಕಟ್ಟಿದರೆ ಲಾರಿಯ ನಡುಕವೆಲ್ಲ ಚಿತ್ರಕ್ಕೇ ಬರುತ್ತದೆ. ಕೆತ್ತನೆಯಿರುವ ಕಂಬಕ್ಕೆ, ಸುಣ್ಣದ ಗಾರೆಯ ಅಂಚಿಗೆ ಇದನ್ನು ಸುತ್ತುವುದು ಬೇಡವೇ ಬೇಡ. ಕಾಲಿನ ಒಳಗೆ ಸಿಕ್ಕ ಮರಳಿನ ಒಂದು ಕಣವೂ ಕಲ್ಲನ್ನು ಗೀರುತ್ತದೆ.

ಮೊಬೈಲ್‌ನವರಿಗೆ ಕೆಲಸ ಸುಲಭ. ಫೋನ್ ನಿಶ್ಚಲವಾಗಿದೆ ಎಂದು ತಿಳಿದೊಡನೆ ಹಲವು ಫೋನ್‌ಗಳ ನೈಟ್ ಮೋಡ್ ತಾನೇ ಸಮಯ ಹೆಚ್ಚಿಸುತ್ತದೆ. ಐಫೋನ್‌ನಲ್ಲಿ ಅದು 30 ಸೆಕೆಂಡ್ ವರೆಗೂ ಹೋಗುತ್ತದೆ. ಕ್ಲಾಂಪಿನ ದವಡೆ ಪವರ್ ಗುಂಡಿಯ ಮೇಲೆ ಕೂರದಂತೆ ನೋಡಿಕೊಳ್ಳಿ, ಅಷ್ಟೆ. ತಂತಿಯ ಇಯರ್‌ಫೋನ್ ಇದ್ದರೆ ಅದರ ವಾಲ್ಯೂಮ್ ಗುಂಡಿಯೇ ಬಹಳಷ್ಟು ಫೋನ್‌ಗಳಲ್ಲಿ ರಿಮೋಟ್ ಆಗುತ್ತದೆ.

ಹಿರಿಯೂರು, ಚಳ್ಳಕೆರೆ ಕಡೆಯ ಬಯಲಿನಲ್ಲಿ ನಕ್ಷತ್ರ ತೆಗೆಯುವವರಿಗೂ ಈ ಕುಳ್ಳ ಟ್ರೈಪಾಡ್ ಒಳ್ಳೆಯದು, ನೆಲಕ್ಕೆ ಹತ್ತಿರವಿದ್ದಷ್ಟೂ ಗಾಳಿ ಕಡಿಮೆ. ಎಷ್ಟು ಹೊತ್ತು ತೆರೆದಿಡಬಹುದೆಂಬುದಕ್ಕೆ ರೂಢಿಯ ಲೆಕ್ಕವೊಂದಿದೆ: 500ನ್ನು ಲೆನ್ಸಿನ 18 ಮಿಮೀಯಿಂದ, ಬಂದದ್ದನ್ನು ಕ್ಯಾನನ್‌ನ ಚಿಕ್ಕ ಸೆನ್ಸರಿನ ಗುಣಕ 1.6ರಿಂದ ಭಾಗಿಸಿದರೆ ಸುಮಾರು 17 ಸೆಕೆಂಡ್. ಅದಕ್ಕಿಂತ ಹೆಚ್ಚು ತೆರೆದಿಟ್ಟರೆ ಚುಕ್ಕಿ ಗೆರೆಯಾಗುತ್ತದೆ. ಐಎಸ್ಒ 3200, ಎಫ್/3.5, ಫೋಕಸ್ ಕೈಯಿಂದ. ಮೇ ತಿಂಗಳ ಅಮಾವಾಸ್ಯೆಯ ಆಸುಪಾಸಿನಲ್ಲಿ, ನಡುರಾತ್ರಿ ಕಳೆದ ಮೇಲೆ, ಆಕಾಶಗಂಗೆ ಬೇಕಿದ್ದರೆ ಆಗ್ನೇಯಕ್ಕೆ ತಿರುಗಿಸಿ. ಪರದೆ ಮಡಚಿ ಮೇಲಕ್ಕೆ ತಿರುಗದ ಕ್ಯಾಮೆರಾ ಆದರೆ ಚೌಕಟ್ಟು ನೋಡಲು ನೆಲಕ್ಕೆ ಒರಗಬೇಕಾಗುತ್ತದೆ, ಹಳೆಯ ಗೋಣಿಚೀಲ ಒಂದಿರಲಿ.

ಇನ್ನು ಕೋಟೆಯ ವಿಚಾರ, ಈ ಪತ್ರಕ್ಕೆ ಮುಖ್ಯ ಕಾರಣವೂ ಅದೇ. ಚಿತ್ರದುರ್ಗದ ಕೋಟೆ, ಸಂತೆಬೆನ್ನೂರಿನ ಪುಷ್ಕರಣಿ, ಹರಿಹರದ ಹರಿಹರೇಶ್ವರ ದೇವಾಲಯ ಮೂರೂ ಕೇಂದ್ರ ಪುರಾತತ್ವ ಸರ್ವೇಕ್ಷಣ ಇಲಾಖೆಯ ರಕ್ಷಿತ ಸ್ಮಾರಕಗಳು. ಅಲ್ಲಿ ಟ್ರೈಪಾಡ್ ಊರಲು ಮುಂಚಿತ ಅನುಮತಿ ಬೇಕು. ಅಂಗೈಯಗಲದ್ದು ಕೂಡ ಕಾವಲಿನವರ ಕಣ್ಣಿಗೆ ಟ್ರೈಪಾಡೇ, ಅವರೊಡನೆ ಜಗಳಕ್ಕೆ ನಿಲ್ಲುವುದು ತರವಲ್ಲ. ಅನುಮತಿಯಿಲ್ಲದವರು ಮೂರೂ ಕಾಲನ್ನು ಒಟ್ಟಿಗೆ ಮಡಚಿ, ತುದಿಯನ್ನು ಎದೆಗೆ ಒತ್ತಿಕೊಂಡು, ಉಸಿರು ಅರ್ಧ ಬಿಟ್ಟು ತಡೆದು ಕ್ಲಿಕ್ಕಿಸಲಿ. ಸ್ಟೆಬಿಲೈಸರ್ ಇಲ್ಲಿ ಹಚ್ಚಿರಬೇಕು. ಮೂರು ನಾಲ್ಕು ಸಲ ಒತ್ತಿದರೆ 1/8ರಲ್ಲೂ ಒಂದಾದರೂ ಚೊಕ್ಕವಾಗಿ ಬರುತ್ತದೆ, ಓಬವ್ವನ ಕಿಂಡಿಯ ನೆರಳಿಗೆ ಅಷ್ಟು ಸಾಕು. ಇನ್ನೊಂದು ಉಪಾಯ ಕಾಳಿನ ಚೀಲ: ಹಳೆಯ ಪ್ಯಾಂಟಿನ ಕಾಲಿನಲ್ಲಿ ಹೊಲಿದ ಚೀಲಕ್ಕೆ ಅರ್ಧ ಕೆಜಿ ಅಕ್ಕಿಯೋ ಹೆಸರುಕಾಳೋ ಮುಕ್ಕಾಲು ಭಾಗ ತುಂಬಿದರೆ ಕ್ಯಾಮೆರಾ ಅದರಲ್ಲಿ ಹೂತು ಕೂರುತ್ತದೆ. ದಾವಣಗೆರೆಯವರು ಮಂಡಕ್ಕಿ ತುಂಬಿ ಹಗುರ ಮಾಡಿಕೊಳ್ಳಲು ಹೋಗಬಾರದು. ಅದು ಪುಡಿಯಾಗಿ ಕುಸಿಯುತ್ತದೆ, ಮೇಲಾಗಿ ಕೋಟೆಯ ಕೋತಿಗಳಿಗೆ ಚೀಲದ ವಾಸನೆ ಸಾಕು. ಟೈಮರ್ ಹಾಕಿ ಕ್ಯಾಮೆರಾ ಬಿಟ್ಟು ದೂರ ಓಡುವವರೂ ಈ ಕೋತಿಗಳನ್ನು ನೆನಪಿಡಬೇಕು. ಪುಷ್ಕರಣಿಯಲ್ಲಿ ಚೀಲವನ್ನು ನೀರಿಗೆ ತಾಗುವ ಮೆಟ್ಟಿಲಿನ ಮೇಲಿಡಿ: ಲೆನ್ಸ್ ನೀರಿಗೆ ಹತ್ತಿರವಾದಷ್ಟೂ ನಡುವಿನ ಮಂಟಪದ ಪ್ರತಿಬಿಂಬ ತುಂಬಿ ಬರುತ್ತದೆ.

ಇಲಾಖೆಯಲ್ಲಿ ನಮ್ಮ ಕೋರಿಕೆ ಚಿಕ್ಕದು. ಟಿಕೆಟ್ ಕೌಂಟರಿನ ಬಳಿ ಕನ್ನಡದಲ್ಲಿ ಒಂದು ಫಲಕ ಹಾಕಲಿ: ಗೇಣುದ್ದದ ಟ್ರೈಪಾಡ್‌ಗೂ ಅನುಮತಿ ಬೇಕೇ, ಬೇಕಿದ್ದರೆ ಅರ್ಜಿ ಯಾರಿಗೆ ಕೊಡಬೇಕು, ಎಷ್ಟು ದಿನ ಮುಂಚೆ, ಕಾಳಿನ ಚೀಲಕ್ಕೆ ಅಡ್ಡಿಯಿದೆಯೇ. ಇಷ್ಟು ಬರೆದಿದ್ದರೆ ಒಯ್ಯಬಾರದ್ದನ್ನು ಜನ ಕಾರಿನಲ್ಲೇ ಬಿಟ್ಟು ಬರುತ್ತಾರೆ, ಬಾಗಿಲಲ್ಲಿ ಚೀಲ ಬಿಚ್ಚಿಸುವ ಕೆಲಸವೂ ಕಾವಲಿನವರಿಗೆ ತಪ್ಪುತ್ತದೆ.

— ಕೆಲವು ಹವ್ಯಾಸಿ ಛಾಯಾಗ್ರಾಹಕರು, ಚಿತ್ರದುರ್ಗ