ರ‍್ಯಾಪ್ ಹಾಡುವ ಹುಡುಗರಿಗೆ ಹತ್ತು ನಿಮಿಷ ಕೊಡಿ

ಮಾನ್ಯ ಸಂಪಾದಕರೇ,

ಕಳೆದ ವಾರ ನಿಮ್ಮ ಪತ್ರಿಕೆಯಲ್ಲಿ ಹಿರಿಯರೊಬ್ಬರು ರ‍್ಯಾಪ್ ಹಾಡುಗಳ ಬಗ್ಗೆ ಬರೆದಿದ್ದರು. ರಾಗ ಇಲ್ಲ, ಸ್ವಂತದ್ದು ಅಂತ ಏನೂ ಇಲ್ಲ, ಎರಡು ವರ್ಷ ಕಳೆದರೆ ಯಾರೂ ನೆನಪಿಡುವುದಿಲ್ಲ ಅಂತ. ಅವರ ಬೇಸರ ನನಗೆ ಅರ್ಥವಾಗುತ್ತದೆ. ಆದರೆ ‘ಉಳಿಯುವುದಿಲ್ಲ’ ಅನ್ನುವ ಮಾತು ಓದಿ ಸುಮ್ನೆ ಇರಲು ಆಗಲಿಲ್ಲ.

ಕುಮಟಾದಲ್ಲಿ ಇಪ್ಪತ್ತು ವರ್ಷ ಕ್ಯಾಸೆಟ್ ಅಂಗಡಿ ನಡೆಸಿದವನು ನಾನು. ಜನ ಚೀಟಿಯಲ್ಲಿ ಹಾಡಿನ ಹೆಸರು ಬರೆದು, ಖಾಲಿ ಕ್ಯಾಸೆಟ್ ಕೊಟ್ಟು ಪೇಟೆಗೆ ಹೋಗುತ್ತಿದ್ದರು. ಸಂಜೆ ಬಸ್ಸಿನ ಹೊತ್ತಿಗೆ ತುಂಬಿಸಿಡಬೇಕು. ಯಾರಿಗೆ ಯಾವ ಹಾಡು ಅಂತ ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುತ್ತಿದ್ದೆ. ನಮ್ಮ ಕರಾವಳಿಯ ಮಳೆಗಾಲಕ್ಕೆ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಹಾಳಾದವು, ನೋಟ್‌ಬುಕ್ ಉಳಿದವು. ಆ ಪತ್ರ ಓದಿದ ದಿನ ತೆಗೆದು ನೋಡಿದೆ. 1993ರ ಬೇಸಿಗೆಯಲ್ಲಿ ದಿನಕ್ಕೆ ಮೂರು ನಾಲ್ಕು ಸಲ ತುಂಬಿಸಿಕೊಟ್ಟ ಹಾಡುಗಳಿವೆ. ಅರ್ಧಕ್ಕರ್ಧದ ಧಾಟಿ ನನಗೇ ನೆನಪಾಗಲಿಲ್ಲ. ಅವೆಲ್ಲ ರಾಗ ಇದ್ದ ಹಾಡುಗಳೇ. ಆಗ ಬಾಬಾ ಸೆಹಗಲ್ ಹಿಂದಿ ರ‍್ಯಾಪಿಗೂ ಹುಡುಗರು ಮುಗಿಬಿದ್ದಿದ್ದರು, ಆಮೇಲೆ ಕೇಳುವವರಿಲ್ಲ. ಅದೇ ಪುಟದ ಕೆಳಗೆ ಒಂದು ರಾತ್ರಿಯ ತಾಳಮದ್ದಳೆಯ (ವೇಷ, ಕುಣಿತ ಇಲ್ಲದೆ ಕೂತು ಪದ್ಯ ಹಾಡಿ ಅರ್ಥ ಹೇಳುವ ಯಕ್ಷಗಾನ) ಲೆಕ್ಕ ಇದೆ. ಹೋಗಿದ್ದು ಬರೀ ಏಳು ಪ್ರತಿ. ಈಗ ಅದು ಇದೆಯಾ ಅಂತ ಬೆಂಗಳೂರಿನಿಂದ ಫೋನು ಬರುತ್ತದೆ.

ಹಳೆಯದೆಲ್ಲ ಚೆನ್ನಾಗಿತ್ತು ಅನ್ನುವಾಗ ನಾವು ಜರಡಿಯಲ್ಲಿ ನಿಂತದ್ದನ್ನು ಮಾತ್ರ ನೋಡುತ್ತೇವೆ. ಕೆಳಗೆ ಬಿದ್ದು ಹೋದದ್ದು ಎಷ್ಟು ಅಂತ ನನ್ನ ನೋಟ್‌ಬುಕ್ ಹೇಳುತ್ತದೆ.

ಇನ್ನು ‘ಸ್ವಂತದ್ದಲ್ಲ’ ಅನ್ನುವ ಮಾತು. ಒಮ್ಮೆ ಚೌತಿಯ ಹಿಂದಿನ ದಿನ ಒಬ್ಬ ಹುಡುಗ ಬಂದ. ಗಣಪತಿ ಬಿಡುವ ಮೆರವಣಿಗೆಗೆ ಒಂದು ಸಿನಿಮಾ ಹಾಡಿನ ಶುರುವಿನ ಡ್ರಮ್ ಮಾತ್ರ ಬೇಕು, ಹಾಡು ಬೇಡ ಅಂದ. ಇದ್ದದ್ದು ಎಂಟು ಸೆಕೆಂಡ್. ಎರಡು ಕ್ಯಾಸೆಟ್ ಹಾಕುವ ಡಬಲ್ ಡೆಕ್ಕಿನಲ್ಲಿ, ಟೇಪು ತಡೆದು ನಿಲ್ಲಿಸುವ ಪಾಜ್ ಬಟನ್ ಒತ್ತಿ, ಹಿಂದಕ್ಕೆ ಸುತ್ತಿ, ಮತ್ತೆ ಒತ್ತಿ, ಮಧ್ಯಾಹ್ನವಿಡೀ ಕೂತು ಐದು ನಿಮಿಷ ಮಾಡಿಕೊಟ್ಟೆ. ತಾಳ ತಪ್ಪದ ಹಾಗೆ ಬೆರಳು ಬಿಡುವುದು ಎಷ್ಟು ಕಷ್ಟ ಅಂತ ಮಾಡಿದವರಿಗೇ ಗೊತ್ತು. ನ್ಯೂಯಾರ್ಕಿನ ರ‍್ಯಾಪ್ ಹುಡುಗರೂ ಮನೆಯಲ್ಲಿ ಹೀಗೇ ಪಾಜ್ ಒತ್ತಿ ಒತ್ತಿ ಟೇಪು ಮಾಡುತ್ತಿದ್ದರಂತೆ. ಇದನ್ನು ನನಗೆ ಹೇಳಿದ್ದು ಅಂಕೋಲೆಯಲ್ಲಿರುವ ನನ್ನ ಅಕ್ಕನ ಮೊಮ್ಮಗ. ಕಾರವಾರದಲ್ಲಿ ಕಾಲೇಜು ಓದುತ್ತಾನೆ, ರ‍್ಯಾಪ್ ಬರೆಯುತ್ತಾನೆ.

ರ‍್ಯಾಪ್ ಬೆಳೆದುಬಂದ ಹಿಪ್ ಹಾಪ್ ಕತೆಯನ್ನೂ ಅವನೇ ಕೂರಿಸಿ ಹೇಳಿದ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ, ಸೆಜ್‌ವಿಕ್ ಅವೆನ್ಯೂದ ಒಂದು ವಸತಿ ಕಟ್ಟಡದಲ್ಲಿ ಅಣ್ಣ ತಂಗಿ ಸೇರಿ ಒಂದು ಪಾರ್ಟಿ ಮಾಡಿದರು. ಅಣ್ಣ ಜಮೈಕಾದಿಂದ ಬಂದ ಡಿಜೆ ಕೂಲ್ ಹರ್ಕ್. ಜನ ಜಾಸ್ತಿ ಕುಣಿಯುವುದು ಹಾಡಿನ ನಡುವೆ ಬರೀ ಡ್ರಮ್ ಬರುವಾಗ ಅಂತ ಅವನು ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಟು, ಒಂದು ಮುಗಿಯುತ್ತಲೇ ಇನ್ನೊಂದನ್ನು ಹಾಕಿ ಆ ತುಣುಕನ್ನು ಉದ್ದ ಮಾಡಿದ. ಅದು ಕದಿಯುವುದಾ? ತಾಳಮದ್ದಳೆಯಲ್ಲಿ ಪದ್ಯ ಹಳೆಯದೇ ಅಲ್ವಾ? ಕೃಷ್ಣ ಸಂಧಾನ ಪ್ರಸಂಗವನ್ನು ನಾನು ನಲವತ್ತು ಸಲ ಕೇಳಿರಬಹುದು. ಅರ್ಥ ಹೇಳುವವರು ಬದಲಾದ ಹಾಗೆ ಪ್ರತಿ ಸಲವೂ ಅದು ಹೊಸದು.

ಆದರೆ ಹುಡುಗರಿಗೂ ಒಂದು ಮಾತು ಹೇಳಬೇಕು. 1979ರಲ್ಲಿ ಶುಗರ್‌ಹಿಲ್ ಗ್ಯಾಂಗಿನ ‘ರ‍್ಯಾಪರ್ಸ್ ಡಿಲೈಟ್’ ಹಾಡು ಬಂದಾಗ, ಇವರು ಯಾರು, ಇದು ನಮ್ಮದಲ್ಲ ಅಂದವರು ಬ್ರಾಂಕ್ಸಿನ ಹಳಬರೇ. ಅದರ ಒಂದಷ್ಟು ಸಾಲು ಬ್ರಾಂಕ್ಸಿನವನೇ ಆದ ಗ್ರ್ಯಾಂಡ್‌ಮಾಸ್ಟರ್ ಕ್ಯಾಜ್ ಬರೆದದ್ದು. ರೆಕಾರ್ಡಿನ ಮೇಲೆ ಅವನ ಹೆಸರಿಲ್ಲ. ಹಾಡು ಇವತ್ತಿಗೂ ಉಳಿದಿದೆ, ಆ ಅನ್ಯಾಯವೂ ಉಳಿದಿದೆ. ತೆಗೆದುಕೊಳ್ಳಿ, ಆದರೆ ಯಾರದ್ದು ಅಂತ ಹೆಸರು ಹೇಳಿ. ಬೇರೆಯವರ ಹಾಡು ತುಂಬಿಸಿ ಹೊಟ್ಟೆ ಹೊರೆದವನು ನಾನು. ಅದಕ್ಕೇ ಈ ಮಾತು ಹೇಳುತ್ತಿದ್ದೇನೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. ಆ ಬ್ರಾಂಕ್ಸಿನ ನಡುವೆ ಹೆದ್ದಾರಿ ಹಾಯಿಸಿದ್ದರು. 1948ರಲ್ಲಿ ಶುರುವಾಗಿ 1972ರವರೆಗೆ ನಡೆದ ಕೆಲಸ. ಸಾವಿರಾರು ಕುಟುಂಬಗಳು ಮನೆ ಬಿಟ್ಟು ಎದ್ದವು. ಕೂಲ್ ಹರ್ಕ್ ಪಾರ್ಟಿ ಮರುವರ್ಷದ್ದು. 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ತಂಡದ ‘ದಿ ಮೆಸೇಜ್’ ಹಾಡು ಬಂತು. ಒಡೆದ ಗಾಜು, ಇಲಿ, ಜಿರಳೆ, ಬೇರೆ ಕಡೆ ಹೋಗೋಣ ಅಂದರೆ ಕೈಯಲ್ಲಿ ದುಡ್ಡಿಲ್ಲ. ಅದರಲ್ಲಿ ಇರುವುದು ಇಷ್ಟೇ. ನಲವತ್ತು ವರ್ಷ ದಾಟಿದರೂ ಕೇಳುತ್ತಾರೆ.

ಹೆದ್ದಾರಿಯ ಕತೆ ನಮ್ಮ ಜಿಲ್ಲೆಗೆ ಹೊಸದಾ? 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಪಕ್ಕದ ಗುಡ್ಡ ಕುಸಿದು ರಸ್ತೆ ಮುಚ್ಚಿಹೋಯಿತು, ಚಾದಂಗಡಿ, ಲಾರಿ ಗಂಗಾವಳಿ ನದಿಯ ಪಾಲಾದವು. ಆಚೆ ದಡದ ಉಳುವರೆಯ ಮನೆಗಳಿಗೂ ನೀರು ಬಡಿಯಿತು. ಒಂದು ಲಾರಿಯನ್ನು ನದಿಯಿಂದ ಎತ್ತಲು ಎರಡು ತಿಂಗಳ ಮೇಲೆ ಹಿಡಿಯಿತು. ನಮ್ಮ ಹುಡುಗ ಅದರ ಮೇಲೆ ಬರೆದ. ಎರಡು ಸಾಲು ಹೀಗಿದೆ:

ಚಾ ಗ್ಲಾಸು ತೊಳೆದಿಟ್ಟ ಕೈ ಎಲ್ಲಿದೆ ಹೇಳು,
ಗುಡ್ಡ ಕಡಿದ ಲೆಕ್ಕ ಬರೆದ ಕೈ ಎಲ್ಲಿದೆ ಹೇಳು.

ಅವನು ಅಡುಗೆಮನೆ ಬಾಗಿಲಲ್ಲಿ ನಿಂತು ಇದನ್ನು ಹೇಳಿದಾಗ ಅಕ್ಕ ಒಲೆ ಆರಿಸಿ ಬಂದು ಕೂತಳು. ಆ ಚಾದಂಗಡಿಯಲ್ಲಿ ಚಾ ಕುಡಿದವಳು ಅವಳು. ರಾಗ ಇಲ್ಲ ಅಂತ ಅವಳಿಗೆ ಅನ್ನಿಸಲಿಲ್ಲ.

ಹೋದ ವರ್ಷ ಒಂದು ಊರಿನ ಗಣೇಶೋತ್ಸವದಲ್ಲಿ ಇವನು ಮತ್ತು ಇವನ ಗೆಳೆಯ ಹತ್ತು ನಿಮಿಷ ಕೇಳಿದ್ದರು. ‘ಅದೆಲ್ಲ ಹಾಡಲ್ಲ, ಬೇಕಾದರೆ ಕರೋಕೆ ಹಾಡಿ’ ಅಂದರಂತೆ. ಅವತ್ತು ಕರೋಕೆ ಎರಡು ಗಂಟೆ ನಡೆಯಿತು. ಹುಡುಗರು ಕೊನೆಯ ಬಸ್ಸಿಗೆ ವಾಪಸ್ ಬಂದರು.

ಅವನ ಹಾಡು ಉಳಿಯುತ್ತದೆ ಅಂತ ನಾನು ಹೇಳುತ್ತಿಲ್ಲ. ಏಳು ಪ್ರತಿ ಹೋದ ದಿನ ಆ ತಾಳಮದ್ದಳೆ ಉಳಿಯುತ್ತದೆ ಅಂತಲೂ ನನಗೆ ಗೊತ್ತಿರಲಿಲ್ಲ. ಆದರೆ ಆ ರಾತ್ರಿ ಯಾರೋ ಮೈಕ್ ಕೊಟ್ಟಿದ್ದರು, ನಾನು ರೆಕಾರ್ಡ್ ಮಾಡಿದ್ದೆ. ಈ ಸಲದ ಚೌತಿಗೆ ನಮ್ಮ ಕಡೆಯ ಯಾವುದಾದರೂ ಸಮಿತಿಯವರು ಈ ಹುಡುಗರಿಗೆ ಹತ್ತು ನಿಮಿಷ ಕೊಡಬೇಕು ಅಂತ ಕೇಳಿಕೊಳ್ಳುತ್ತೇನೆ. ಸೌಂಡ್ ಸೆಟ್ಟಿಗೆ ಖರ್ಚು ಜಾಸ್ತಿ ಬಂದರೆ ನಾನು ಕೊಡುತ್ತೇನೆ. ನನ್ನ ಡೆಕ್ ಇನ್ನೂ ಓಡುತ್ತದೆ, ತಂದು ಪಕ್ಕದಲ್ಲಿ ಇಟ್ಟುಕೊಂಡು ಕೂರುತ್ತೇನೆ.

– ಒಬ್ಬ ಹಳೆಯ ಕ್ಯಾಸೆಟ್ ಅಂಗಡಿಯವ, ಕುಮಟಾ