ಮಳೆಗೆ ಕಾಯಬೇಡ

ಉಡುಪಿ, ಆಟಿ ತಿಂಗಳು

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಳೆ ಶುರುವಾದ ಕೂಡಲೇ ಹಿತ್ತಲಿನ ಗಿಡ ಎಲ್ಲ ಕತ್ತರಿಸಿ ಸವರುತ್ತೇನೆ ಅಂತ ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೇ ಈ ಪತ್ರ.

ನಮ್ಮೂರಿನ ಲೆಕ್ಕ ನಿಮ್ಮ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೊಂದುವುದಿಲ್ಲ ಮಗಾ. ಉಡುಪಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ, ಹೆಚ್ಚಿನದೂ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮಳೆಯ ಜೊತೆ ಸೆಖೆಯೂ ಇರುವುದರಿಂದ ದಾಸವಾಳದ ಗೆಲ್ಲು ಸುಮ್ನೆ ಊರಿದರೂ ಚಿಗುರುತ್ತದೆ. ನಿಮ್ಮಲ್ಲಿ 400 ಮಿಲಿಮೀಟರ್ ಬಂದರೆ ಜಾಸ್ತಿ. ಅದೂ ನವೆಂಬರ್‌ನಿಂದ ಮಾರ್ಚ್‌ವರೆಗೆ, ಚಳಿಯಲ್ಲಿ. ಆಗ ಮಾಡಿದ ಗಾಯ ಬೇಗ ಮಾಯುವುದಿಲ್ಲ.

ಮೊದಲು ಏಪ್ರಿಕಾಟ್ ನೋಡು. ಹಣ್ಣು ಮುಗಿದಿದ್ದರೆ ಈ ಆಗಸ್ಟಿನಲ್ಲೇ ಸವರು. ಯೂಟೈಪಾ ಅಂತ ಒಂದು ಶಿಲೀಂಧ್ರ ಇದೆ. ಮಳೆ ಬಿದ್ದಾಗ ಅದರ ಕಣಗಳು ಹಾರಿ ಬಂದು ಹಸಿ ಗಾಯದಲ್ಲಿ ಕೂರುತ್ತವೆ. ಆಮೇಲೆ ಒಂದೊಂದೇ ಕೊಂಬೆ ಒಣಗುತ್ತಾ ಬರುತ್ತದೆ. ಮೊದಲ ಮಳೆಗೆ ಕಡಿಮೆ ಅಂದರೂ 6 ವಾರ ಇರುವಾಗಲೇ ಕತ್ತರಿ ಒಳಗಿಡಬೇಕು. ನಮ್ಮ ಅಡಿಕೆಗೆ ಕೊಳೆರೋಗ ಬಾರದ ಹಾಗೆ ಮಳೆ ಹಿಡಿಯುವ ಮೊದಲೇ ಬೋರ್ಡೋ ದ್ರಾವಣ ಹೊಡೆಯುತ್ತೇವಲ್ಲ, ಅದೇ ಲೆಕ್ಕ. ಈಗಾಗಲೇ ರೋಗ ಹಿಡಿದ ಕೊಂಬೆ ಇದ್ದರೆ, ಕಂದು ಬಣ್ಣ ಮುಗಿದಲ್ಲಿಂದ ಇನ್ನೂ ಒಂದು ಅಡಿ ಕೆಳಗೆ ತೆಗಿ. ಕನಿಕರ ಬೇಡ.

ಲ್ಯಾವೆಂಡರ್ ಹೂ ಬಾಡಿದ್ದರೆ ಮೂರರಲ್ಲೊಂದು ಪಾಲು ಕತ್ತರಿಸು. ಆದರೆ ಹಸಿರೆಲೆ ಇರುವಲ್ಲಿ ಮಾತ್ರ. ಕೆಳಗಿನ ಬೋಳು ಕಡ್ಡಿಗೆ ಕತ್ತರಿ ಹಾಕಿದರೆ ಅಲ್ಲಿಂದ ಮತ್ತೆ ಒಡೆಯುವುದು ಕಷ್ಟ. ರೋಸ್‌ಮೇರಿಗೂ ಇದೇ ಮಾತು. ಗುಲಾಬಿ ಜನವರಿಗಿರಲಿ.

ಆಲಿವ್ ಮರಕ್ಕೆ ಅವಸರ ಇಲ್ಲ. ಚಳಿಯ ಮಳೆ ಕಳೆದು, ಹೂ ಬಿಡುವ ಮೊದಲು, ಎಲೆ ಒಣಗಿರುವ ದಿನ ನೋಡಿ ಸವರು. ಒದ್ದೆಯಲ್ಲಿ ಕಡಿದರೆ ಗಂಟುರೋಗದ ಬ್ಯಾಕ್ಟೀರಿಯಾ ಒಳಗೆ ಹೋಗುತ್ತದೆ. ಕಾಯಿ ಹಿಡಿಯುವುದು ಹಿಂದಿನ ವರ್ಷ ಬೆಳೆದ ಗೆಲ್ಲಿನಲ್ಲಿ. ಚಂದಕ್ಕೆ ಅಂತ ಅದನ್ನೆಲ್ಲ ತೆಗೆದುಬಿಟ್ಟರೆ ಕಾಯಿ ಎಲ್ಲಿಂದ ಬರಬೇಕು?

ನಿಂಬೆ ಗಿಡವನ್ನು ದುಂಡಗೆ ಮಾಡುವ ಆಸೆ ನಿನ್ನ ಗಂಡನಿಗೆ ಇದೆಯಂತೆ. ಬೇಡ ಅನ್ನು. ಒಣಗಿದ್ದು, ಕಸಿಯ ಕೆಳಗಿಂದ ಎದ್ದ ಚಿಗುರು, ಇಷ್ಟು ತೆಗೆದರೆ ಸಾಕು. ಎಲೆಯ ನೆರಳು ಹೋದರೆ ಅಲ್ಲಿನ ಬಿಸಿಲಿಗೆ ತೊಗಟೆ ಸುಡುತ್ತದೆ.

ಬುಡಕ್ಕೆ ಎರಡು ಮೂರು ಇಂಚು ಮರದ ಚೂರು ಹಾಸು, ಕಾಂಡಕ್ಕೆ ತಾಗದ ಹಾಗೆ. ನೀರು ದಿನಾ ಚಿಮುಕಿಸುವ ಬದಲು ಅಪರೂಪಕ್ಕೆ ಆಳಕ್ಕೆ ಇಳಿಯುವಷ್ಟು ಬಿಡು. ನೀಲಿ ಹೂವಿನ ಆ ಸಿಯನೋಥಸ್‌ಗೆ ಮಾತ್ರ, ಬೇರು ಹಿಡಿದ ಮೇಲೆ, ಬೇಸಿಗೆಯ ನೀರು ಬೇಡ. ಅದು ಆ ನೆಲದ್ದೇ ಗಿಡ. ಬಿಸಿ ಮಣ್ಣು ಒದ್ದೆಯಾಗಿಯೇ ಇದ್ದರೆ ಅದರ ಬೇರು ಕೊಳೆಯುತ್ತದೆ. ಪೈಪ್ ಆ ಕಡೆ ಹೋಗಿದ್ದರೆ ಇವತ್ತೇ ಮುಚ್ಚಿಸು.

ನಿನ್ನ
ದೊಡ್ಡಮ್ಮ