ಸಂಪಾದಕೀಯ: ‘ಈಗ ಎಲ್ಲಿದ್ದೀರಿ?’

ಕಳೆದ ಭಾನುವಾರ ಮುಂಬಯಿಯ ನಮ್ಮ ಸಂಘದ ಕನ್ನಡ ತರಗತಿಯಲ್ಲಿ ರಾಜ್ಯೋತ್ಸವದ ಹಾಡಿನ ಅಭ್ಯಾಸ ಮುಗಿದ ಮೇಲೆ, ಕಾರ್ಯಕ್ರಮಕ್ಕೆ ಮನೆಯವರನ್ನೆಲ್ಲ ಕರೆದುಕೊಂಡು ಬರಬೇಕೆಂದು ಶಿಕ್ಷಕಿ ಹೇಳಿದಾಗ, ಒಂದು ಮಗು ಎದ್ದು ನಿಂತು “ನಮ್ಮಪ್ಪ ಬರಲ್ಲ ಟೀಚರ್, ಕೆಲಸ ಸಿಕ್ಕಿದ ಮೇಲೆ ಬರ್ತಾರಂತೆ” ಎಂದಿತು. ಯಾರ ಮಗುವೆಂದು ದಯವಿಟ್ಟು ಯಾರೂ ಹುಡುಕಲು ಹೋಗಬಾರದು. ಈ ವರ್ಷ ಸದ್ದಿಲ್ಲದೆ ನಮ್ಮಿಂದ ಮರೆಯಾದವರು ಅವರೊಬ್ಬರೇ ಅಲ್ಲ.

ಮರೆಯಾಗಲು ನಾವೇ ಕಾರಣವೇನೋ ಎಂದು ಅಂದಿನಿಂದ ಯೋಚಿಸುತ್ತಿದ್ದೇನೆ. ಸಂಘದಲ್ಲಿ ಎದುರಾದವರಿಗೆ ಮೊದಲು ಊರು ಕೇಳುತ್ತೇವೆ, ಮರುಕ್ಷಣವೇ ‘ಈಗ ಎಲ್ಲಿದ್ದೀರಿ?’ ಎನ್ನುತ್ತೇವೆ. ಕೇಳುವುದು ಅವರ ಮನೆಯ ವಿಳಾಸವನ್ನಲ್ಲ, ಕಂಪನಿಯ ಹೆಸರನ್ನು. ಕೇಳುವವರಲ್ಲಿ ಕೆಟ್ಟ ಉದ್ದೇಶವಿರುವುದಿಲ್ಲ ನಿಜ, ಆದರೆ ಉತ್ತರವಿಲ್ಲದವರು ಮುಂದಿನ ಬಾರಿ ಬರುವುದಿಲ್ಲ. ಹೀಗೆ ಕೆಲಸದ ಸುದ್ದಿ ಹತ್ತು ಬಾಯಿಂದ ಕಿವಿಗೆ ಬೀಳುವ ಜಾಗದಿಂದಲೇ ಅವರು ದೂರ ಉಳಿಯುತ್ತಾರೆ.

1982ರ ಜನವರಿ 18ರಂದು ಮುಂಬಯಿಯ ಬಟ್ಟೆ ಗಿರಣಿಗಳ ಮುಷ್ಕರ ಆರಂಭವಾದಾಗ ನನ್ನ ದೊಡ್ಡಪ್ಪ ಲೋವರ್ ಪರೇಲಿನ ಗಿರಣಿಯೊಂದರ ಟೈಮ್ ಆಫೀಸಿನಲ್ಲಿ, ಅಂದರೆ ಕಾರ್ಮಿಕರ ಹಾಜರಿ ಬರೆಯುವ ಕಚೇರಿಯಲ್ಲಿ, ಗುಮಾಸ್ತರಾಗಿದ್ದರು. ದತ್ತಾ ಸಾಮಂತರ ನಾಯಕತ್ವದಲ್ಲಿ ಸುಮಾರು 2.5 ಲಕ್ಷ ಕಾರ್ಮಿಕರು ಹೊರಬಂದಿದ್ದ ಆ ಮುಷ್ಕರ ಕೆಲವು ವಾರಗಳಲ್ಲಿ ಮುಗಿದೀತೆಂದು ಮನೆಯಲ್ಲಿ ನಂಬಿದ್ದರು. ಅದು ವರ್ಷ ದಾಟಿತು. ಅದನ್ನು ಹಿಂತೆಗೆದುಕೊಂಡೆವೆಂದು ಯಾರೂ ಅಧಿಕೃತವಾಗಿ ಸಾರಲೇ ಇಲ್ಲ, ಎಷ್ಟೋ ಗಿರಣಿಗಳು ಮತ್ತೆ ಮೊದಲಿನಂತಾಗಲೂ ಇಲ್ಲ. ದೊಡ್ಡಪ್ಪ ಮೊದಲು ನಿಲ್ಲಿಸಿದ್ದು ಶನಿವಾರದ ಭಜನೆಗೆ ಹೋಗುವುದನ್ನು. ಆರತಿ ತಟ್ಟೆ ಎದುರಿಗೆ ಬಂದಾಗ ಜೇಬಿಗೆ ಕೈಹಾಕಬೇಕಲ್ಲ. ಊರಿಗೆ ಬರೆಯುತ್ತಿದ್ದ ಇನ್‌ಲ್ಯಾಂಡ್ ಪತ್ರಗಳಲ್ಲಿ ಎಂದಿನಂತೆ ‘ಎಲ್ಲರೂ ಕ್ಷೇಮ’ ಎಂದೇ ಇರುತ್ತಿತ್ತು, ಮನಿಆರ್ಡರಿನ ಮೊತ್ತ ಮಾತ್ರ ಇಳಿಯುತ್ತಾ ಬಂತು. ದೊಡ್ಡಮ್ಮನ ಬಳೆಗಳು ಗಿರವಿಗೆ ಹೋದವು. ಕಷ್ಟ ಮನುಷ್ಯನನ್ನು ಪಕ್ವಗೊಳಿಸುತ್ತದೆ ಎಂಬ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ; ಆ ತಿಂಗಳುಗಳಲ್ಲಿ ಅವರು ಕಾಫಿಪುಡಿ ಹೆಚ್ಚು ಹಾಕಿದ್ದಕ್ಕೂ ರೇಗಾಡುತ್ತಿದ್ದರು.

ಮುಂಬಯಿಯ ಲಾಲ್‌ಬಾಗಿನಲ್ಲಿ ನಮ್ಮ ತಾಲ್ಲೂಕಿನವರೊಬ್ಬರು ಹೋಟೆಲು ನಡೆಸುತ್ತಿದ್ದರು. ಗಲ್ಲಾ ಬಿಟ್ಟು ಎಂದೂ ಕದಲದ ಆ ಮನುಷ್ಯ ಒಂದು ಸಂಜೆ ದೊಡ್ಡಪ್ಪನಿದ್ದ ಚಾಳಿನ, ಅಂದರೆ ಸಾಲುಕೋಣೆಗಳ ವಠಾರದ, ಮೆಟ್ಟಿಲು ಹತ್ತಿ ಬಂದು, “ರಾಯರೇ, ಸೇಲ್ಸ್ ಟ್ಯಾಕ್ಸಿನ ಲೆಕ್ಕವೆಲ್ಲ ಗೋಜಲಾಗಿದೆ, ನೀವು ಬಂದು ಕೂತು ಬಿಡಿಸದಿದ್ದರೆ ನನ್ನ ಕಥೆ ಮುಗಿಯಿತು” ಎಂದರು. ಲೆಕ್ಕ ಅಷ್ಟೇನೂ ಗೋಜಲಾಗಿರಲಿಲ್ಲವೆಂದು ದೊಡ್ಡಪ್ಪನೇ ಆಮೇಲೆ ಹೇಳುತ್ತಿದ್ದರು. ಏನಾದರೂ ಸಹಾಯ ಬೇಕೇ ಎಂದು ಆ ಮಾಲೀಕರು ಕೇಳಿದ್ದರೆ ಬೇಡವೆಂಬ ಉತ್ತರವೇ ಬರುತ್ತಿತ್ತು. ಅಡುಗೆಮನೆಯ ಹಿಂದಿನ ಉಗ್ರಾಣದಲ್ಲಿ ಅಕ್ಕಿ ಮೂಟೆಗಳ ನಡುವೆ ಕುಳಿತು ದೊಡ್ಡಪ್ಪ ಲೆಕ್ಕ ಬರೆದರು, ವಾರಕ್ಕೊಮ್ಮೆ ಸಂಬಳ ಪಡೆದರು, ರಾತ್ರಿಶಾಲೆಗೆ ಹೋಗುತ್ತಿದ್ದ ಹೋಟೆಲಿನ ಹುಡುಗರಿಗೆ ಗಣಿತ ಹೇಳಿಕೊಟ್ಟರು. ಆ ಮಾಲೀಕರ ಮಾತಿನ ಮೇಲೆ ಮತ್ತೊಂದು ಹೋಟೆಲು, ಆಮೇಲೆ ಮಸ್ಜಿದ್ ಬಂದರಿನ ಧಾನ್ಯದ ವ್ಯಾಪಾರಿಯೊಬ್ಬರು ತಮ್ಮ ಲೆಕ್ಕವನ್ನೂ ಒಪ್ಪಿಸಿದರು. ಗಿರಣಿಗೆ ಅವರು ಮರಳಲಿಲ್ಲ.

ಇದೇ ನಗರದ ಧೋಬಿ ತಲಾವ್, ಮಜಗಾಂವ್‌ಗಳಲ್ಲಿ ಗೋವೆಯ ಹಳ್ಳಿಗಳವರು ಕಟ್ಟಿಕೊಂಡ ‘ಕುಡ್’ ಎಂಬ ತಂಗುಮನೆಗಳಿದ್ದವು, ಕೆಲವು ಇಂದಿಗೂ ಇವೆ. ಒಂದು ಹಡಗಿನಿಂದ ಇಳಿದ ನಾವಿಕನು ಅಲ್ಲಿ ಅಲ್ಪ ಬಾಡಿಗೆಗೆ ತನ್ನ ಪೆಟ್ಟಿಗೆಯಿಟ್ಟು, ಸಂಜೆಯ ಪ್ರಾರ್ಥನೆಗೆ ಎಲ್ಲರೊಡನೆ ಕುಳಿತು, ಮುಂದಿನ ಹಡಗು ಸಿಗುವವರೆಗೆ ಕಾಯುತ್ತಿದ್ದನು. ಕಾಯುವುದು ಆ ವೃತ್ತಿಯ ಭಾಗವೇ ಆಗಿದ್ದುದರಿಂದ ಅದಕ್ಕಾಗಿ ಯಾರೂ ತಲೆತಗ್ಗಿಸಬೇಕಾಗಿರಲಿಲ್ಲ. ಠಾಣೆ, ನವಿ ಮುಂಬಯಿಯ ಬಹುಮಹಡಿ ಕಟ್ಟಡಗಳಲ್ಲಿ ಮನೆಸಾಲದ ಕಂತು ಕಟ್ಟುತ್ತಿರುವ ನಮ್ಮವರಿಗೆ ಅಂಥ ಆಸರೆಯಿಲ್ಲ, ಕೆಳಗಿನ ಕಾವಲುಗಾರನ ಅನುಮತಿಯಿಲ್ಲದೆ ಯಾವ ಹೋಟೆಲ್ ಮಾಲೀಕನೂ ಅವರ ಮೆಟ್ಟಿಲು ಹತ್ತಲಾರ.

ತಿಳಿದವರಿಂದ ಕೇಳಿಕೊಂಡ ಕೆಲವು ಮಾತುಗಳನ್ನು ಅವಸರದಲ್ಲಿಯೇ ಬರೆಯುತ್ತೇನೆ. ಕೆಲಸದಿಂದ ತೆಗೆಯುವವರು ‘ನೀವೇ ರಾಜೀನಾಮೆ ಬರೆದುಕೊಡಿ’ ಎಂದಾಗ ಆ ಕ್ಷಣದಲ್ಲಿ ಸಹಿ ಹಾಕದೆ, ಒಂದು ರಾತ್ರಿಯಾದರೂ ಕಾಲಾವಕಾಶ ಕೇಳಿ, ಬಲ್ಲವರೊಬ್ಬರಿಗೆ ಕಾಗದ ತೋರಿಸಬೇಕು. ಸ್ವಇಚ್ಛೆಯಿಂದ ಬಿಟ್ಟವರಿಗೂ ತೆಗೆದುಹಾಕಲ್ಪಟ್ಟವರಿಗೂ ಸಿಗಬೇಕಾದ ಪರಿಹಾರದಲ್ಲಿ ವ್ಯತ್ಯಾಸವಿರುತ್ತದೆ. ಐದು ವರ್ಷ ಸತತವಾಗಿ ದುಡಿದವರಿಗೆ ವರ್ಷಕ್ಕೆ 15 ದಿನಗಳ ವೇತನದ ಲೆಕ್ಕದಲ್ಲಿ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಬರಬೇಕು, ಅದು ಯಾರ ಔದಾರ್ಯವೂ ಅಲ್ಲ. ಕಂಪನಿಯ ಆರೋಗ್ಯ ವಿಮೆ ಸಾಮಾನ್ಯವಾಗಿ ಕೆಲಸದೊಡನೆಯೇ ಮುಗಿಯುವುದರಿಂದ, ಅದೇ ವಿಮಾ ಸಂಸ್ಥೆಯ ವೈಯಕ್ತಿಕ ಪಾಲಿಸಿಗೆ ಬದಲಾಯಿಸಿಕೊಳ್ಳುವ ಅರ್ಜಿಯನ್ನು ಅವಧಿ ತೀರುವ ಮೊದಲೇ ಹಾಕಬೇಕು. ಮನೆಯಲ್ಲಿ ವಯಸ್ಸಾದ ತಂದೆತಾಯಿ ಇರುವವರು ಇದನ್ನು ಮೊದಲು ನೋಡಲಿ.

ಇನ್ನು ಸೂಚನೆಗಳು. ರಾಜ್ಯೋತ್ಸವ ನವೆಂಬರ್ ಎರಡನೆಯ ಭಾನುವಾರ ಸಂಜೆ ಐದಕ್ಕೆ, ಮಕ್ಕಳು ನಾಲ್ಕಕ್ಕೇ ಬರಲಿ. ಊಟದ ಕೂಪನ್ ಈ ವರ್ಷ ಇರುವುದಿಲ್ಲ, ಬಂದವರೆಲ್ಲರಿಗೂ ಊಟವಿದೆ. ಖರ್ಚು ಭರಿಸಬಲ್ಲವರು ಖಜಾಂಚಿಯವರನ್ನು ಖಾಸಗಿಯಾಗಿ ಕಾಣಬೇಕು. ಸದಸ್ಯತ್ವದ ವಂತಿಗೆ ಬಾಕಿಯಿರುವವರ ಪಟ್ಟಿಯನ್ನು ಫಲಕದಲ್ಲಿ ಹಾಕುವ ಪದ್ಧತಿ ನಿಂತಿದೆ, ತಡವಾಗಿಯಾದರೂ ನಿಂತಿತಲ್ಲ. ಲೆಕ್ಕಪರಿಶೋಧನೆ, ಕಾರ್ಮಿಕ ಕಾನೂನು, ನೇಮಕಾತಿ ವಿಭಾಗಗಳಲ್ಲಿರುವ ಸದಸ್ಯರು ತಿಂಗಳಿಗೊಂದು ಶನಿವಾರ ಎರಡು ತಾಸು ಕಚೇರಿಯಲ್ಲಿ ಕುಳಿತುಕೊಳ್ಳಬೇಕೆಂದು ಕೇಳಿಕೊಳ್ಳುತ್ತೇನೆ.

ಕೆಲಸವಿಲ್ಲದವರಿಗೆ ಬಿಡುವಿದೆಯೆಂದು ಸಂಘದ ಪುಕ್ಕಟೆ ದುಡಿಮೆಯನ್ನೆಲ್ಲ ಅವರಿಗೇ ಹೊರಿಸುವ ಹಳೆಯ ಚಾಳಿಯೊಂದು ನಮಗಿದೆ. ಈ ಪತ್ರಿಕೆಯನ್ನು ಒಬ್ಬನೇ ಹೊರುವುದು ಇನ್ನು ನನ್ನಿಂದಾಗದು. ಮುದ್ರಣಾಲಯದವರ ಫೋನು ಈಗಲೂ ಬರುತ್ತಿದೆ. ಆದ್ದರಿಂದ ಸ್ಮರಣ ಸಂಚಿಕೆಯ ಪುಟವಿನ್ಯಾಸ, ಕರಡು ತಿದ್ದುವಿಕೆ, ಜಾಹೀರಾತಿನ ಲೆಕ್ಕ, ಈ ಮೂರು ಕೆಲಸಗಳಿಗೂ ಸಂಭಾವನೆ ಕೊಡುವಂತೆ ಕಾರ್ಯಕಾರಿ ಸಮಿತಿಯನ್ನು ಒಪ್ಪಿಸಿದ್ದೇನೆ. ಮಾಡಬಲ್ಲವರು ತಿಂಗಳ ಕೊನೆಯೊಳಗೆ ನನಗೆ ತಿಳಿಸಿ. ಈಗ ಎಲ್ಲಿದ್ದೀರಿ ಎಂಬುದನ್ನು ಬರೆಯಬೇಕಾಗಿಲ್ಲ.